ಮೂವತ್ತು ಜನರ ಮನೆಯಲ್ಲಿ ಮೊದಲು ಯಾರನ್ನು ಮಾತಾಡಿಸಬೇಕು?

ನೀವು ಕೇಳಿರುವುದು ಇಷ್ಟು. ನೀವು, ನಿಮ್ಮ ಹೆಂಡತಿ ಮಿಷನ್ ಕೆಲಸಕ್ಕೆ ಒಂದು ದೂರದ ಹಳ್ಳಿಗೆ ಹೋಗುತ್ತಿದ್ದೀರಿ. ಪಕ್ಕದಲ್ಲೇ 30ಕ್ಕಿಂತ ಜಾಸ್ತಿ ಜನರಿರುವ ಒಂದು ಕುಟುಂಬ. ಅವರ ಪರಿಚಯ ಎಲ್ಲಿಂದ ಶುರು ಮಾಡಬೇಕು?

ಮಕ್ಕಳಿಂದ. ಆದರೆ ಮಕ್ಕಳ ತಲೆ ಎಣಿಸಲು ಹೋಗಬೇಡಿ.

ನಾನೂ ನನ್ನ ಗಂಡನೂ ಇಂಥದ್ದೇ ಕೆಲಸದ ಮೇಲೆ ಎರಡು ವರ್ಷ ಒಂದು ಹಳ್ಳಿಯಲ್ಲಿದ್ದೆವು. ಊರಿನ ಹೆಸರು ಬೇಡ, ಆ ಮನೆಯವರನ್ನು ಕೇಳದೆ ಬರೆಯುತ್ತಿದ್ದೇನೆ. ಒಂದು ಅಂಗಳ, ಸುತ್ತ ಐದು ಮನೆ, ಎಲ್ಲಾ ಒಂದೇ ಕುಟುಂಬ. ಮೊದಲ ವಾರವೇ ನಾನು ದೊಡ್ಡ ಜಾಣೆಯ ಹಾಗೆ ನೋಟ್‌ಬುಕ್ ಹಿಡಿದು ಮನೆಮನೆಗೂ ಹೋಗಿ ಎಷ್ಟು ಜನ, ಹೆಸರೇನು ಅಂತ ಬರೆದುಕೊಂಡೆ. ಒಟ್ಟು 41 ಬಂತು. ಇದ್ದವರು 34! ಒಬ್ಬ ಹುಡುಗನನ್ನಂತೂ ಮೂರು ಸಲ ಬರೆದಿದ್ದೆ. ಅವನು ಉಣ್ಣುತ್ತಿದ್ದದ್ದು ಒಂದು ಮನೆಯಲ್ಲಿ, ಮಲಗುತ್ತಿದ್ದದ್ದು ಅಜ್ಜಿ ಹತ್ತಿರ, ಬಟ್ಟೆಬರೆ ಇದ್ದದ್ದು ಹೆತ್ತವಳ ಹತ್ತಿರ, ಒಂದೊಂದು ಮನೆಯಲ್ಲೂ ಅವನನ್ನು ಕರೆಯುವ ಹೆಸರೇ ಬೇರೆ. ಮೂರೂ ಕಡೆ "ನಮ್ಮ ಹುಡುಗ" ಅಂದರು. ಯಾರೂ ಸುಳ್ಳು ಹೇಳಿರಲಿಲ್ಲ.

ಈ ಗೊಂದಲ ಹೊಸದಲ್ಲ. ಅಮೆರಿಕದಲ್ಲಿ ಲೂಯಿಸ್ ಹೆನ್ರಿ ಮಾರ್ಗನ್ ಅಂತ ಒಬ್ಬ ವಕೀಲ ಇದ್ದ. ಅಲ್ಲಿನ ಮೂಲನಿವಾಸಿಗಳಾದ ಸೆನೆಕಾ ಜನರು ಅಪ್ಪನ ಅಣ್ಣತಮ್ಮಂದಿರನ್ನೂ "ಅಪ್ಪ" ಅಂತಲೇ ಕರೆಯುವುದು ಅವನಿಗೆ ಆಶ್ಚರ್ಯವಾಯಿತು. ಬೇರೆ ಕಡೆ ಹೇಗಿದೆ ನೋಡೋಣ ಅಂತ ಸಂಬಂಧದ ಹೆಸರುಗಳ ಉದ್ದನೆಯ ಪ್ರಶ್ನಾವಳಿ ಮಾಡಿ ಲೋಕದ ಮೂಲೆಮೂಲೆಗೂ ಕಳಿಸಿದ. ಅದನ್ನು ತುಂಬಿಸಿ ಕಳಿಸಿದವರಲ್ಲಿ ಬಹಳ ಮಂದಿ ಮಿಷನರಿಗಳು. ತಮಿಳಿನ ಉತ್ತರ ಹೋದದ್ದು ತಮಿಳುನಾಡಿನ ಆರ್ಕಾಟ್ ಮಿಷನ್‌ನ ಸ್ಕಡರ್ ಕುಟುಂಬದಿಂದ (ಏಳು ಗಂಡುಮಕ್ಕಳು ಮಿಷನರಿಗಳಾದ ಮನೆ ಅದು, ಅವರನ್ನು ಪರಿಚಯ ಮಾಡಿಕೊಳ್ಳುವುದೇ ಒಂದು ಕೆಲಸವಾಗಿತ್ತೇನೋ). ಸೆನೆಕಾ ಪದ್ಧತಿಗೂ ತಮಿಳಿನ ಪದ್ಧತಿಗೂ ಇದ್ದ ಹೋಲಿಕೆ ನೋಡಿ ಮಾರ್ಗನ್ ದಂಗಾದ. ಫಿಜಿಯಲ್ಲಿದ್ದ ಲೋರಿಮರ್ ಫೈಸನ್ ಎಂಬ ಮಿಷನರಿಯೂ ಅಲ್ಲಿನ ಹೆಸರುಗಳನ್ನು ಕಳಿಸಿದ. 1871ರಲ್ಲಿ ಎಲ್ಲಾ ಸೇರಿ ದಪ್ಪನೆಯ ಪುಸ್ತಕವಾಯಿತು. ದೊಡ್ಡಪ್ಪ, ಚಿಕ್ಕಪ್ಪ ಅಂತ ಕರೆದುಕೊಂಡೇ ಬೆಳೆದ ನಮಗೆ ಇದರಲ್ಲಿ ಆಶ್ಚರ್ಯವೇ ಇಲ್ಲ ಅಲ್ವಾ? ಅಪ್ಪನ ತಮ್ಮನೂ ಒಂದು ಥರ ಅಪ್ಪನೇ, ಅಮ್ಮನ ತಮ್ಮ ಮಾತ್ರ ಮಾವ. ಇಷ್ಟು ಗೊತ್ತಿದ್ದೂ ನಾನು ನೋಟ್‌ಬುಕ್ಕಿನಲ್ಲಿ "ಮಗ" ಅಂತ ಮೂರು ಸಲ ಬರೆದೆ, ನೋಡಿ.

ನನಗೆ ಉಪಯೋಗಕ್ಕೆ ಬಂದದ್ದು ರಿವರ್ಸ್ ಎಂಬ ವೈದ್ಯನ ಉಪಾಯ. ಅವನು 1898ರಲ್ಲಿ ಆಸ್ಟ್ರೇಲಿಯಾದ ಉತ್ತರಕ್ಕಿರುವ ಟಾರಸ್ ಜಲಸಂಧಿಯ ದ್ವೀಪಗಳಿಗೆ ಹೋಗಿದ್ದ, ಆಮೇಲೆ ನೀಲಗಿರಿಯ ತೊದವ ಬುಡಕಟ್ಟಿನವರ ಹತ್ತಿರವೂ ಬಂದಿದ್ದ. ವಂಶಾವಳಿ ಕೇಳುವಾಗ ಅವನು ಬಳಸುತ್ತಿದ್ದದ್ದು ಐದೇ ಮಾತು: ಅಪ್ಪ, ಅಮ್ಮ, ಮಗು, ಗಂಡ, ಹೆಂಡತಿ. ಅಣ್ಣ, ಚಿಕ್ಕಮ್ಮ, ಕಸಿನ್ ಯಾವುದೂ ಇಲ್ಲ. "ನಿನ್ನನ್ನು ಹೆತ್ತವಳು ಯಾರು? ಅವಳಿಗೆ ಹುಟ್ಟಿದವರು ಯಾರ್ಯಾರು, ದೊಡ್ಡವರಿಂದ ಹೇಳು." ಹೀಗೆ ಒಂದು ಮಗುವಿನಿಂದ ಶುರು ಮಾಡಿ ಕೇಳುತ್ತಾ ಹೋದರೆ ಮನೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಮೇಲೆ ಬೇರೆಯಾಗಿ, ಯಾರು ಯಾರನ್ನು ಏನಂತ ಕರೆಯುತ್ತಾರೆ ಅಂತ ಕೇಳಿ. ಎರಡನ್ನೂ ಬೆರೆಸಬೇಡಿ.

ಇದರಲ್ಲೂ ಒಂದು ತಪ್ಪು ಮಾಡಿದೆ. ಅಜ್ಜಿ ನನಗೆ ಅರ್ಥವಾಗಲಿ ಅಂತ ನೆಲದ ಮೇಲೆ ಬೆಣಚುಕಲ್ಲು ಇಟ್ಟು ತೋರಿಸುತ್ತಿದ್ದಳು. ದೊಡ್ಡವರಿಗೆ ದೊಡ್ಡ ಕಲ್ಲು, ಮಕ್ಕಳಿಗೆ ಚಿಕ್ಕದು. ಎರಡನೇ ಸೊಸೆಯ ಸಾಲಿಗೆ ಬಂದಾಗ ಮೂರು ಕಲ್ಲು ಇಟ್ಟು, ನಾಲ್ಕನೆಯದನ್ನು ಸುಮ್ನೆ ಕೈಯಲ್ಲೇ ಹಿಡಿದುಕೊಂಡಳು. ನಾನು ಪೆನ್ನು ಎತ್ತಿಕೊಂಡು "ಇದರ ಹೆಸರು?" ಅಂದೆ. ಆ ಸೊಸೆ ಎದ್ದು ಒಳಗೆ ಹೋದಳು. ಆವತ್ತು ಮತ್ತೆ ಹೊರಗೆ ಬರಲಿಲ್ಲ. ತೀರಿಕೊಂಡವರ ಹೆಸರನ್ನು ಅವರಾಗಿ ಹೇಳುವ ತನಕ ಕೇಳಬೇಡಿ. ಮೊದಲ ತಿಂಗಳು ನೋಟ್‌ಬುಕ್ಕೇ ಹೊರಗೆ ತೆಗೆಯಬೇಡಿ, ರಾತ್ರಿ ಮನೆಗೆ ಬಂದು ಬರೆದುಕೊಂಡರೆ ಸಾಕು.

ಇನ್ನೊಂದು ವಿಷಯ ಯಾರೂ ನಮಗೆ ಹೇಳಿರಲಿಲ್ಲ. ನೀವು ಅವರನ್ನು ತಿಳಿದುಕೊಳ್ಳುತ್ತಿರುವಾಗ ಅವರು ನಿಮ್ಮನ್ನು ಎಲ್ಲಿ ಕೂರಿಸಬೇಕು ಅಂತ ಯೋಚಿಸುತ್ತಿರುತ್ತಾರೆ. ನಾಲ್ಕು ತಿಂಗಳಾದ ಮೇಲೆ ಅಜ್ಜಿ ನನ್ನ ಗಂಡನನ್ನು ಮಗ ಅಂತ ಕರೆಯಲು ಶುರು ಮಾಡಿದಳು. ನಮಗೆ ಖುಷಿಯೋ ಖುಷಿ. ಮಾರನೇ ವಾರ ಅವಳ ಹಿರಿಮಗ ನನ್ನ ಜೊತೆ ಮಾತು ಬಿಟ್ಟ. ನಾನು ಬಂದರೆ ಎದ್ದು ಹೋಗುವುದು, ಏನಾದರೂ ಬೇಕಿದ್ದರೆ ಮಕ್ಕಳ ಕೈಲಿ ಹೇಳಿ ಕಳಿಸುವುದು. ಏನು ತಪ್ಪು ಮಾಡಿದೆನೋ ಅಂತ ಎರಡು ವಾರ ಒದ್ದಾಡಿದೆ. ತಪ್ಪೇನೂ ಇರಲಿಲ್ಲ. ಗಂಡ ಆ ಮನೆಗೆ ಮಗನಾದ ಮೇಲೆ ನಾನು ಸೊಸೆ, ಆತ ನನ್ನ ಗಂಡನ ಅಣ್ಣ. ತಮ್ಮನ ಹೆಂಡತಿ ಜೊತೆ ಅವರಲ್ಲಿ ನೇರವಾಗಿ ಮಾತಾಡುವುದಿಲ್ಲ. ಅಷ್ಟೇ! ಅವನ ಮೌನ ನನಗೆ ಸಿಕ್ಕಿದ ಮರ್ಯಾದೆ. ಕೆಲಸವೂ ಸಿಕ್ಕಿತು ಬಿಡಿ, ಸೊಸೆ ಅಂದಮೇಲೆ ನೀರು ಹೊರುವ ಪಾಳಿ ತಪ್ಪುತ್ತದೆಯೇ.

ಉಳಿದದ್ದು ಚುಟುಕಾಗಿ. ಯಾಕೆ ಬಂದಿದ್ದೀರಿ ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಸ್ನೇಹ ಬೆಳೆಸಿ ಆಮೇಲೆ ಧರ್ಮದ ಮಾತು ತೆಗೆದರೆ ಅಲ್ಲಿವರೆಗಿನ ಸ್ನೇಹವೆಲ್ಲಾ ನಾಟಕ ಅನ್ನಿಸುತ್ತದೆ, ಅದು ಸಹಜವೇ. ಬೇಡ ಅಂದರೆ ಬಿಡಿ, ಪರಿಚಯ ಮಾತ್ರ ಬಿಡಬೇಡಿ. ಮಾತ್ರೆ, ಬಟ್ಟೆ ಅಂತ ಒಂದು ಮನೆಗೆ ಕೊಟ್ಟರೆ ಉಳಿದ ನಾಲ್ಕು ಮನೆಯಲ್ಲಿ ಮುಖ ಊದುತ್ತದೆ, ಕೊಡುವುದಿದ್ದರೆ ಹಿರಿಯರ ಕೈಗೆ ಕೊಡಿ, ಅವರೇ ಹಂಚಲಿ. ನಿಮಗೆ ಜ್ವರ, ಕೆಮ್ಮು ಇದ್ದರೆ ಆ ಅಂಗಳಕ್ಕೆ ಕಾಲಿಡಬೇಡಿ. ಅಷ್ಟು ಜನ ಒತ್ತಾಗಿರುವ ಕಡೆ, ಆಸ್ಪತ್ರೆ ದೂರ ಇರುವ ಕಡೆ ಒಬ್ಬರ ದಡಾರ ಎಲ್ಲರ ಕಷ್ಟವಾಗುತ್ತದೆ.

ಎಷ್ಟು ದಿನ ಬೇಕು ಅಂತಲೂ ಕೇಳಿದ್ದಿರಿ. 34 ಜನರ ಹೆಸರು, ಸಂಬಂಧ ತಪ್ಪಿಲ್ಲದೆ ಹೇಳಲು ನನಗೆ ಏಳು ತಿಂಗಳು ಹಿಡಿಯಿತು. ಅಜ್ಜಿಯ ಮುಂದೆ ಕೂತು ಪೂರ್ತಿ ಒಪ್ಪಿಸಿದೆ. ಅವಳು ಕೇಳಿಸಿಕೊಂಡು, ಇನ್ನಿಬ್ಬರು ಬಿಟ್ಟುಹೋದರು ಅಂದಳು. ನಾನೂ ನನ್ನ ಗಂಡನೂ.