ಮೂರು ತಾಣಗಳಿಗೆ ಒಂದೇ ಲೇಖನ: ಮಲ್ಟಿಸೈಟ್ ಒಂದೇ ಸಾಲದು

ಸಾಗರ, ಪುತ್ತೂರು, ಚನ್ನಗಿರಿಯ ಅಡಿಕೆ ಬೆಳೆಗಾರರಿಗಾಗಿ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಮೂರು ಜಾಲತಾಣಗಳನ್ನು ನಡೆಸುತ್ತಿರುವ ನೀವು, ಒಂದೇ ಲೇಖನವನ್ನು ಮೂರು ಕಡೆ ನಕಲಿಸುವ ಬದಲು ಮಲ್ಟಿಸೈಟ್ (ಒಂದೇ ವರ್ಡ್‌ಪ್ರೆಸ್‌ನಲ್ಲಿ ಹಲವು ತಾಣ ನಡೆಸುವ ವ್ಯವಸ್ಥೆ) ಮಾಡಿಕೊಂಡರೆ ಸಾಕೇ ಎಂದು ಕೇಳಿದ್ದೀರಿ. ಅದೊಂದೇ ಸಾಲದು. 2010ರ 3.0 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲೇ ಇರುವ ಈ ಸೌಲಭ್ಯದಲ್ಲಿ ಬಳಕೆದಾರರ ಖಾತೆ, ಥೀಮ್ (ತಾಣದ ಹೊರನೋಟ) ಮತ್ತು ಪ್ಲಗಿನ್‌ಗಳನ್ನು (ಹೆಚ್ಚುವರಿ ಸೌಲಭ್ಯ ಕೊಡುವ ಚಿಕ್ಕ ತಂತ್ರಾಂಶಗಳು) ಎಲ್ಲ ತಾಣಗಳೂ ಹಂಚಿಕೊಳ್ಳುತ್ತವೆ. ಲೇಖನಗಳು ಮಾತ್ರ ಪ್ರತಿ ತಾಣಕ್ಕೂ ಡೇಟಾಬೇಸ್‌ನ ಬೇರೆ ಬೇರೆ ಕೋಷ್ಟಕಗಳಲ್ಲಿ ಉಳಿಯುತ್ತವೆ.

ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗದ ಲೇಖನವನ್ನೇ ತೆಗೆದುಕೊಳ್ಳಿ. ಅದಕ್ಕೆ ಸಿಂಪಡಿಸುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಎಂಬ ಲೆಕ್ಕ ಎಲ್ಲ ಊರಿಗೂ ಒಂದೇ. ಆದರೆ ಮಳೆ ಹಿಡಿಯುವ ವಾರ ಒಂದೇ ಅಲ್ಲ, ಧಾರಣೆಯ ಪಟ್ಟಿಯೂ ಒಂದೇ ಅಲ್ಲ: ಪುತ್ತೂರಿನವರು ಬೇಯಿಸದೆ ಒಣಗಿಸಿದ ಬಿಳಿ ಅಡಿಕೆಯಾದ ಚಾಲಿಯ ದರ ನೋಡುತ್ತಾರೆ, ಚನ್ನಗಿರಿಯವರಿಗೆ ಬೇಕಾದದ್ದು ಬೇಯಿಸಿ ಒಣಗಿಸಿದ ಕೆಂಪಡಿಕೆಯಲ್ಲಿ ‘ರಾಶಿ’ ಎಂಬ ಬಗೆಯ ದರ. ಆದ್ದರಿಂದ ಮೂಲ ಬರಹವನ್ನು ಮುಖ್ಯ ತಾಣದಲ್ಲಿ ಮಾತ್ರ ಇಟ್ಟು, ಊರಿಗೆ ತಕ್ಕಂತೆ ಬದಲಾಗುವ ಜಾಗಗಳಲ್ಲಿ ಶಾರ್ಟ್‌ಕೋಡ್ (ಪುಟ ತೋರಿಸುವಾಗ ಬೇರೆ ಪಠ್ಯಕ್ಕೆ ಬದಲಾಗುವ ಗುರುತು) ಹಾಕಿ, ಅವುಗಳ ಮೌಲ್ಯವನ್ನು ಆಯಾ ತಾಣದ ಸೆಟ್ಟಿಂಗ್‌ನಲ್ಲಿ ಸ್ಥಳೀಯ ಸಂಪಾದಕರೇ ತುಂಬುವಂತೆ ಒಂದು ಚಿಕ್ಕ ಪ್ಲಗಿನ್ ಬರೆಸಿಕೊಳ್ಳಿ.

ಪ್ಲಗಿನ್ ಬರೆಯುವವರು ಎಡವುವುದು ಒಂದೇ ಕಡೆ. ಮೂಲ ಬರಹವನ್ನು ತರಲು ಪ್ಲಗಿನ್ ಸ್ವಲ್ಪ ಹೊತ್ತು ಮುಖ್ಯ ತಾಣಕ್ಕೆ ಹೋಗಿ ಬರಬೇಕಾಗುತ್ತದೆ. ಅಲ್ಲಿಂದ ಮರಳುವ ಮೊದಲೇ ಶಾರ್ಟ್‌ಕೋಡ್ ಬಿಡಿಸಿದರೆ, ಅಂದರೆ ಅದರ ಜಾಗಕ್ಕೆ ಮೌಲ್ಯ ತುಂಬಿದರೆ, ಪುತ್ತೂರಿನ ಪುಟದಲ್ಲೂ ಮುಖ್ಯ ತಾಣದ ಸಿಂಪಡಣೆ ದಿನಾಂಕವೇ ಕಾಣಿಸುತ್ತದೆ. ಮೊದಲು ಮರಳಬೇಕು, ಆಮೇಲೆ ಬಿಡಿಸಬೇಕು.

ಇಡೀ ಪುಟವನ್ನೇ ಸ್ಥಳೀಯವಾಗಿ ಬದಲಿಸುವ ಅವಕಾಶವನ್ನು ದಯವಿಟ್ಟು ಕೊಡಬೇಡಿ. ನಾನು ನೋಡಿಕೊಳ್ಳುವ ತಾಣಗಳಲ್ಲಿ ಹಾಗೆ ಕೊಟ್ಟಿದ್ದೆ. ದ್ರಾವಣದಲ್ಲಿ ಅದ್ದಿದ ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂಬ ಸೂಚನೆಯನ್ನು ಮೂಲಕ್ಕೆ ಸೇರಿಸಿದಾಗ, ಸ್ಥಳೀಯವಾಗಿ ಬದಲಿಸಿದ್ದ ಒಂದು ತಾಣದ ಪುಟಕ್ಕೆ ಅದು ತಲುಪಲೇ ಇಲ್ಲ. ಸಿಂಪಡಣೆ ಮುಗಿದ ಮೇಲೆ ಅದು ನನ್ನ ಗಮನಕ್ಕೆ ಬಂತು. ಆ ಪುಟವನ್ನು ನಂಬಿ ದ್ರಾವಣ ಕಲಸಿದವರನ್ನು ನೆನೆದರೆ ಇಂದಿಗೂ ಬೇಸರವಾಗುತ್ತದೆ.

ಕೊನೆಯದಾಗಿ, ಯಾವ ಬದಲಾವಣೆಯೂ ಇಲ್ಲದೆ ಮೂರು ಕಡೆ ಕಾಣುವ ಪುಟಗಳಿಗೆ ಮುಖ್ಯ ತಾಣದ ವಿಳಾಸವನ್ನೇ ಕೆನಾನಿಕಲ್ ಕೊಂಡಿಯಾಗಿ (ಮೂಲ ಪುಟ ಯಾವುದೆಂದು ಗೂಗಲ್‌ನಂಥ ಹುಡುಕುತಾಣಗಳಿಗೆ ತಿಳಿಸುವ ಕೊಂಡಿ) ಕೊಡಿ. ಊರಿನ ದಿನಾಂಕ, ಧಾರಣೆ, ತೋಟದ ಚಿತ್ರ ಸೇರಿ ನಿಜವಾಗಿ ಬೇರೆಯಾದ ಪುಟಗಳಿಗೆ ಅವುಗಳದೇ ವಿಳಾಸವಿರಲಿ. ಇಲ್ಲವಾದರೆ ಪುತ್ತೂರಿನವರು ಗೂಗಲ್‌ನಲ್ಲಿ ಹುಡುಕಿದಾಗ ಅವರ ಪುಟದ ಬದಲು ಮುಖ್ಯ ತಾಣದ ಪುಟವೇ ಎದುರಾಗುವ ಸಂಭವ ಹೆಚ್ಚು.