ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟುತ್ತಾ ಹೋದರೆ ಏನಾಗುತ್ತದೆ?

ವಿಳಂಬ ಶುಲ್ಕ ತಪ್ಪುತ್ತದೆ, ಬಡ್ಡಿ ತಪ್ಪುವುದಿಲ್ಲ. ಬಾಕಿ 10,000, ಬಡ್ಡಿ ತಿಂಗಳಿಗೆ ಶೇ 3, ಕನಿಷ್ಠ ಪಾವತಿ ಶೇ 5 ಎಂದುಕೊಳ್ಳಿ. ನೀವು ಕಟ್ಟುವ 500ರಲ್ಲಿ 300 ಬಡ್ಡಿಗೇ ಹೋಗುತ್ತದೆ. ಅಸಲಿನಲ್ಲಿ ಕರಗುವುದು ಬರೀ 200. ಇನ್ನೊಂದು ಪೆಟ್ಟು ಹಲವರ ಗಮನಕ್ಕೇ ಬರುವುದಿಲ್ಲ: ಹಳೆಯ ಬಾಕಿ ಉಳಿದಿದ್ದರೆ ಸಾಮಾನ್ಯವಾಗಿ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಸಿಗದು, ಕಾರ್ಡ್ ಉಜ್ಜಿದ ದಿನದಿಂದಲೇ ಲೆಕ್ಕ ಶುರು. ಆ ಸಣ್ಣ ಮೊತ್ತವನ್ನು ಬಿಲ್ಲಿನಲ್ಲಿ ಎದ್ದು ಕಾಣುವಂತೆ ಹಾಕುವುದು ನಿಮ್ಮ ಮೇಲಿನ ಕರುಣೆಯಿಂದಲ್ಲ ಬಿಡಿ.

ಪೂರ್ತಿ ಬಿಲ್ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಮಾಡಿಕೊಳ್ಳಿ. ಈಗಾಗಲೇ ಬಾಕಿ ಬೆಳೆದಿದ್ದರೆ, ಅದು ತೀರುವವರೆಗೆ ಆ ಕಾರ್ಡಿನಲ್ಲಿ ಹೊಸ ಖರೀದಿ ಬೇಡ. ಕಡಿಮೆ ಬಡ್ಡಿಯ ವೈಯಕ್ತಿಕ ಸಾಲ ಸಿಕ್ಕರೆ ಅದರಿಂದ ಇದನ್ನು ತೀರಿಸುವುದೇ ಲಾಭ. ಎಟಿಎಂನಲ್ಲಿ ಈ ಕಾರ್ಡಿನಿಂದ ನಗದನ್ನಂತೂ ತೆಗೆಯಬೇಡಿ: ಶುಲ್ಕವೂ ಇದೆ, ಬಡ್ಡಿಯೂ ಅಂದಿನಿಂದಲೇ.