ಚೀಲದೊಳಗಿದ್ದ ಎರಡನೇ ಬಾಟಲಿ

ಸಂಬಂಧಪಟ್ಟ ಇಬ್ಬರ ಒಪ್ಪಿಗೆ ಪಡೆದೇ ಈ ಪ್ರಕರಣವನ್ನು ಬರೆದಿದೆ. ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದೆ. ಔಷಧದ ಅಳತೆ ಮತ್ತು ಗಂಟೆಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದೆ, ಪ್ರಕರಣ ನಿಂತಿರುವುದೇ ಅವುಗಳ ಮೇಲೆ.

ಕಾರವಾರದ ಒಂದು ಖಾಸಗಿ ಶಿಶುಪಾಲನಾ ಕೇಂದ್ರದ ಅಕ್ಕೋರು (ಶಿಕ್ಷಕಿ), ವಯಸ್ಸು 46, ಒಂಬತ್ತು ವರ್ಷದಿಂದ ಅದೇ ಕೆಲಸ. ಆಪ್ತಸಲಹೆಗೆ ಬಂದದ್ದು ಆಗಸ್ಟ್ ಎರಡನೇ ವಾರ. ಹೇಳಿಕೊಂಡ ತೊಂದರೆ ನಿದ್ದೆಯದ್ದು. ಆದರೆ ವಿಚಾರಿಸುತ್ತ ಹೋದಂತೆ ಹಗಲಿನ ತೊಂದರೆಯೇ ದೊಡ್ಡದಿತ್ತು. ಮಧ್ಯಾಹ್ನ ಮಕ್ಕಳು ಮಲಗಿದ ಮೇಲೆ ಒಂದೊಂದೇ ಚಾಪೆಯ ಹತ್ತಿರ ಕೂತು, ಅಂಗೈ ಹಿಂಭಾಗವನ್ನು ಮಗುವಿನ ಮೂಗಿಗೆ ಹಿಡಿದು ಉಸಿರು ನೋಡುತ್ತಾರೆ. ಹದಿನಾಲ್ಕು ಮಕ್ಕಳು. ಕೊನೆಯ ಚಾಪೆ ಮುಟ್ಟುವಷ್ಟರಲ್ಲಿ ಮೊದಲನೆಯದರ ಬಗ್ಗೆ ಅನುಮಾನ ಶುರುವಾಗುತ್ತದೆ, ಮತ್ತೆ ಮೊದಲಿಂದ. ಅರ್ಧ ಮಕ್ಕಳು ಎದ್ದು ಅಳುತ್ತಾರೆ. ಉಪ್ಪಿಟ್ಟು ತಿನ್ನಿಸುವ ಸ್ಟೀಲ್ ಚಮಚ ಕೈಗೆ ಬಂದರೆ ಬೆರಳು ನಡುಗುತ್ತದೆ. ಕೆಲಸ ಬಿಡುತ್ತೇನೆ ಎಂದು ಎರಡು ಸಲ ಚೀಟಿ ಬರೆದು ಹರಿದಿದ್ದಾರೆ.

ಐದು ವಾರ ಹಿಂದೆ, ಜುಲೈ ಮಳೆಯ ಒಂದು ಮಧ್ಯಾಹ್ನ, ಎರಡು ವರ್ಷ ಮೂರು ತಿಂಗಳ ಹುಡುಗಿಗೆ 12.20ಕ್ಕೆ ಕೇಂದ್ರದಲ್ಲಿ ಫಿಟ್ಸ್ ಬಂದಿತ್ತು. ಕಣ್ಣು ಮೇಲೆ ಸಿಕ್ಕಿ, ಮೈ ಸೆಟೆದು, ಕೈಕಾಲು ಅದುರಿದವು. ಆಯಾ ಓಡಿ ಬಂದು ಬೀಗದ ಕೈಗೊಂಚಲನ್ನು ಮಗುವಿನ ಮುಷ್ಟಿಗೆ ತುರುಕಿದರು. ಅಕ್ಕೋರು ಹಲ್ಲು ಬಿಡಿಸಲು ಚಮಚ ಹಾಕಿದರು. ಅದು ಜಾರಿ ಒಳತುಟಿ ಸೀಳಿ ರಕ್ತ ಬಂತು. ಎರಡು ನಿಮಿಷದೊಳಗೆ ಫಿಟ್ಸ್ ತಾನೇ ನಿಂತಿತು. ಆಸ್ಪತ್ರೆಯಲ್ಲಿ ಜ್ವರದ ಫಿಟ್ಸ್ ಎಂದರು, ಮಗು ಮರುದಿನ ಆಡಿಕೊಂಡಿತ್ತು. ಅಕ್ಕೋರ ಕಣ್ಣಲ್ಲಿ ಉಳಿದದ್ದು ಫ್ರಾಕಿನ ಮೇಲಿನ ರಕ್ತ. "ನನ್ನ ಕೈಯಲ್ಲೇ ಕೂಸು ಹೋಗ್ತಿತ್ತು. ಎಂತ ಮಾಡ್ಬೇಕು ಅಂತ್ಲೇ ತಿಳೀಲಿಲ್ಲ" ಎನ್ನುವುದನ್ನು ಮೊದಲ ಭೇಟಿಯಲ್ಲಿ ಆರೇಳು ಸಲ ಹೇಳಿದರು.

ಅವರ ಮಾತಿನ ಎರಡನೇ ಅರ್ಧವೇ ಸಲಹೆಯ ದಾರಿ ತೋರಿಸಿತು. "ನಿಮ್ಮ ತಪ್ಪಲ್ಲ, ಸಮಾಧಾನ ಮಾಡಿಕೊಳ್ಳಿ" ಎಂದು ಮನೆಯವರು, ಮಾಲೀಕರು, ಆಸ್ಪತ್ರೆಯ ನರ್ಸ್ ಎಲ್ಲರೂ ಹೇಳಿಯಾಗಿತ್ತು. ಏನು ಮಾಡಬೇಕು ಎಂಬುದು ಗೊತ್ತಿಲ್ಲದವರಿಗೆ ಸಮಾಧಾನ ಒಂದು ಗಂಟೆಯೂ ಉಳಿಯುವುದಿಲ್ಲ, ನಾಳೆ ಮತ್ತೆ ಅದೇ ಆದರೆ ಅವರ ಕೈ ಮತ್ತೆ ಚಮಚವನ್ನೇ ಹುಡುಕುತ್ತದೆ. ಹಾಗಾಗಿ ಮೊದಲ ಎರಡು ಭೇಟಿಗಳು ಭಾವನೆಗಿಂತ ಹೆಚ್ಚಾಗಿ ಫಿಟ್ಸ್ ಬಗ್ಗೆಯೇ ನಡೆದವು.

ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಒಂದಲ್ಲ ಒಂದು ಜ್ವರದಲ್ಲಿ ಇಂಥ ಫಿಟ್ಸ್ ಬರುತ್ತದೆ. ಬಂದವರಲ್ಲಿ ಸುಮಾರು ಮೂರರಲ್ಲೊಂದು ಮಗುವಿಗೆ ಇನ್ನೊಮ್ಮೆ ಬರಬಹುದು. ಸಾಮಾನ್ಯ ಬಗೆಯದು ಮಿದುಳಿಗೆ ಹಾನಿ ಮಾಡುವುದಿಲ್ಲ. ನಾಲಿಗೆ ನುಂಗಿಹೋಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಕಚ್ಚಿಕೊಂಡರೆ ಗಾಯ ಕೆಲವು ದಿನಕ್ಕೆ ಮಾಯುತ್ತದೆ, ಚಮಚದಿಂದ ಮುರಿದ ಹಲ್ಲು ಶ್ವಾಸನಾಳಕ್ಕೆ ಇಳಿದರೆ ಜೀವಕ್ಕೇ ಕುತ್ತು. ಬೀಗದ ಕೈಯ ಮಹಿಮೆಗೂ ವಿವರಣೆ ಇದೆ: ಹೆಚ್ಚಿನ ಫಿಟ್ಸ್ ಐದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ, ಅಷ್ಟರಲ್ಲಿ ಕೈಗೆ ಏನು ಕೊಟ್ಟಿದ್ದರೂ ಅದಕ್ಕೇ ಹೆಸರು. ಇದನ್ನು ಕೇಳಿ ಅಕ್ಕೋರು ಮೊದಲ ಬಾರಿಗೆ ನಕ್ಕರು. ಈರುಳ್ಳಿ ಮೂಸಿಸುವುದು, ತಣ್ಣೀರು ಸುರಿಯುವುದು, ಬಾಯಿಗೆ ನೀರು ಬಿಡುವುದು ಕೂಡ ಅದೇ ಸಾಲಿನವು, ಇವುಗಳಲ್ಲಿ ಬಾಯಿಗೆ ನೀರು ಬಿಡುವುದೇ ಎಲ್ಲಕ್ಕಿಂತ ಅಪಾಯ.

ಕೇಂದ್ರದ ಗೋಡೆಗೆ ದಪ್ಪ ಅಕ್ಷರದಲ್ಲಿ ಮೂರೇ ಸಾಲು ಹಾಕಿಸಿದೆವು: ಗಡಿಯಾರ ನೋಡು. ನೆಲದ ಮೇಲೆ ಮಗ್ಗುಲಾಗಿ ಮಲಗಿಸು. ಬಾಯಿಗೆ ಏನೂ ಬೇಡ. ಗಡಿಯಾರ ಮೊದಲು ಏಕೆಂದರೆ, ಭಯದಲ್ಲಿ ಎರಡು ನಿಮಿಷ ಅರ್ಧ ಗಂಟೆಯಂತೆ ಕಾಣುತ್ತದೆ, ವೈದ್ಯರು ಕೇಳುವ ಮೊದಲ ಪ್ರಶ್ನೆಯೂ "ಎಷ್ಟು ಹೊತ್ತು" ಎಂಬುದೇ. ಐದು ನಿಮಿಷ ದಾಟಿದರೆ, ನಿಂತು ಮತ್ತೆ ಬಂದರೆ, ಮೈಯ ಒಂದೇ ಪಕ್ಕ ಅದುರಿದರೆ, ನಿಂತ ಮೇಲೂ ಮಗು ಕರೆದರೆ ಓಗೊಡದಿದ್ದರೆ, ತುಟಿ ನೀಲಿಯಾಗಿದ್ದರೆ ತಕ್ಷಣ 108. ಮೊದಲ ಬಾರಿಗೆ ಬಂದ ಫಿಟ್ಸ್ ಆದರೆ ಬೇಗ ನಿಂತರೂ ಅಂದೇ ವೈದ್ಯರಿಗೆ ತೋರಿಸಬೇಕು. ಹೆದ್ದಾರಿಯಲ್ಲಿ ಮಳೆಗಾಲದ ಸಂಚಾರ ನಿಂತರೆ ಆಂಬುಲೆನ್ಸ್ ತಡವಾಗುವುದುಂಟು, ಹತ್ತಿರದ ಸ್ಟ್ಯಾಂಡಿನ ಇಬ್ಬರು ಆಟೋದವರ ನಂಬರನ್ನೂ ಅದೇ ಹಾಳೆಯ ಕೆಳಗೆ ಬರೆಸಿದೆವು.

ಓದಿದ್ದು ಕೈಗೆ ಇಳಿಯಬೇಕಾದರೆ ಕವಾಯತು ಬೇಕು. ಬಟ್ಟೆಯ ಗೊಂಬೆ, ಗೋಡೆ ಗಡಿಯಾರ, ಅಕ್ಕೋರು, ಆಯಾ. ಒಬ್ಬರು ಮಗುವಿನ ಹತ್ತಿರ, ಇನ್ನೊಬ್ಬರು ಉಳಿದ ಮಕ್ಕಳನ್ನು ಪಕ್ಕದ ಕೋಣೆಗೆ ಕರೆದೊಯ್ದು ಫೋನ್ ಮಾಡುವುದು. ಮೊದಲ ಸಲ ಇಬ್ಬರೂ ಗೊಂಬೆಯ ಹತ್ತಿರವೇ ಓಡಿದರು, ಹದಿನಾಲ್ಕು ಮಕ್ಕಳಿಗೆ ದಿಕ್ಕಿರಲಿಲ್ಲ. ಮೂರನೇ ಸಲಕ್ಕೆ ಸರಿಯಾಯಿತು. ಅಂದು ರಾತ್ರಿ ಅಕ್ಕೋರು ಐದು ಗಂಟೆ ನಿದ್ದೆ ಮಾಡಿದರು.

ಉಸಿರು ನೋಡುವ ಚಟಕ್ಕೆ ಬೇರೆ ಕ್ರಮ ಬೇಕಾಯಿತು. ಮೈ ಮುಟ್ಟಿ ನೋಡುವುದು ದಿನಕ್ಕೆ ಮೂರೇ ಹೊತ್ತು: ಬಂದಾಗ, ಮಲಗಿಸುವ ಮುನ್ನ, ಎದ್ದ ಮೇಲೆ. ಬೆಚ್ಚಗೆನಿಸಿದರೆ ಮಾತ್ರ ಥರ್ಮಾಮೀಟರ್. ನಡುವೆ ಆಸೆಯಾದರೆ ಕೈಯನ್ನು ತಮ್ಮ ಮೊಣಕಾಲ ಮೇಲಿಟ್ಟು ಹತ್ತು ನಿಮಿಷ ಕೂತು, ಭಯ ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಬರೆದುಕೊಳ್ಳುವುದು. ಎರಡನೇ ವಾರ ಅಂಕಿ ಸಂಶಯ ಬರುವಷ್ಟು ಬೇಗ ಇಳಿಯಿತು. ಕೇಳಿದರೆ, ಅಕ್ಕೋರು ತಾವು ನೋಡುವುದು ಬಿಟ್ಟು ಆಯಾಳನ್ನು ಕಳಿಸಿ "ಎಲ್ಲಾ ಅಡ್ಡಿಲ್ವನೇ?" ಎಂದು ಕೇಳಿಸುತ್ತಿದ್ದರು! ಚಟ ಕೈ ಬದಲಿಸಿತ್ತು, ಅಷ್ಟೆ. ಆಯಾಳಿಗೂ ವಿಷಯ ತಿಳಿಸಿ, ಉತ್ತರ ಕೊಡಬಾರದೆಂದು ಒಪ್ಪಿಸಿದ ಮೇಲೆ ಅಂಕಿ ಮತ್ತೆ ಏರಿ, ನಿಜವಾಗಿ ಇಳಿಯತೊಡಗಿತು. ಘಟನೆಗೆ ತಿಂಗಳು ಮೀರಿದ್ದರಿಂದ, ರಕ್ತದ ದೃಶ್ಯ ಇನ್ನೂ ಕನಸಿಗೆ ಬರುತ್ತಿದ್ದುದರಿಂದ, ಮನೋವೈದ್ಯರಿಗೂ ಒಮ್ಮೆ ತೋರಿಸಲು ಸೂಚಿಸಿದೆವು. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟರಲ್ಲಿ ಮಗುವಿನ ತಾಯಿ ತಾವಾಗಿ ಬಂದರು. ವಯಸ್ಸು 29, ಒಂದು ಸಣ್ಣ ಕಚೇರಿಯಲ್ಲಿ ಗುತ್ತಿಗೆ ಕೆಲಸ. ಗಂಡ ಗೋವೆಯಲ್ಲಿ, ವಾರಕ್ಕೊಮ್ಮೆ ಮನೆಗೆ. ಹತ್ತು ನಿಮಿಷ ಅತ್ತ ಮೇಲೆ ಅವರು ಹೇಳಿದ್ದು: ಅಂದು ಬೆಳಿಗ್ಗೆಯೇ ಮಗುವಿಗೆ ಜ್ವರವಿತ್ತು. 7.45ಕ್ಕೆ ಪ್ಯಾರಾಸಿಟಮಾಲ್ ಸಿರಪ್ ಹಾಕಿ, ಮೈ ತಣ್ಣಗಾದ ಮೇಲೆ ಬಿಟ್ಟುಬಂದಿದ್ದರು. ಯಾರಿಗೂ ಹೇಳಿರಲಿಲ್ಲ. ರಜೆ ಮುಗಿದಿತ್ತು, ಕೇಂದ್ರದ ನಿಯಮ "ಜ್ವರ ಇದ್ದರೆ ತರಬೇಡಿ" ಎಂದಷ್ಟೇ ಇತ್ತು. ಇರಲಿ ಎಂದು ಅಕ್ಕನ ಮಗನ ಸಿರಪ್ ಬಾಟಲಿಯೊಂದನ್ನು ಚೀಲದಲ್ಲಿ ಇಟ್ಟಿದ್ದರು.

ಆ ಬಾಟಲಿಯ ಕತೆ ಅಕ್ಕೋರ ಕಡೆಯಿಂದ ಮೊದಲೇ ಗೊತ್ತಿತ್ತು. 10.30ಕ್ಕೆ ಮೈ ಕಾದದ್ದು ಕಂಡು ತಾಯಿಗೆ ಫೋನ್ ಮಾಡಿದ್ದರು, ಎತ್ತಲಿಲ್ಲ. ಚೀಲದಲ್ಲಿ ಸಿರಪ್ ಇದೆ, ಹಾಕಲಿ ಎಂದೇ ಇಟ್ಟಿರಬೇಕು ಎಂದುಕೊಂಡು ಮುಚ್ಚಳದಲ್ಲಿ 5 ಎಂ.ಎಲ್. ಹಾಕಿದ್ದರು.

ಲೆಕ್ಕ ಹೀಗಿದೆ. ಮಗು 11 ಕೆ.ಜಿ. ಕೆ.ಜಿ.ಗೆ 15 ಮಿ.ಗ್ರಾಂ. ಎಂದರೆ ಒಂದು ಸಲಕ್ಕೆ 165 ಮಿ.ಗ್ರಾಂ. ಅಂಗಡಿಯಲ್ಲಿ ಸಿಗುವ ಸಿರಪ್‌ಗಳಲ್ಲಿ ಎರಡು ಬಲದವು ಸಾಮಾನ್ಯ: 5 ಎಂ.ಎಲ್.ಗೆ 120 ಮಿ.ಗ್ರಾಂ. ಇರುವುದು, 250 ಮಿ.ಗ್ರಾಂ. ಇರುವುದು. ಡಬ್ಬಿ, ಬಣ್ಣ, ವಾಸನೆ ಹೆಚ್ಚುಕಡಿಮೆ ಒಂದೇ. ಮೊದಲನೆಯದರಲ್ಲಿ ಈ ಮಗುವಿಗೆ 7 ಎಂ.ಎಲ್. ಬೇಕು, ಎರಡನೆಯದರಲ್ಲಿ 3.3 ಎಂ.ಎಲ್. ಸಾಕು. ತಾಯಿ ಹಾಕಿದ್ದು ಮೊದಲನೆಯದನ್ನು, ಸರಿಯಾದ ಅಳತೆಯಲ್ಲಿ. ಅಕ್ಕೋರು ಹಾಕಿದ್ದು ಎರಡನೆಯದನ್ನು, ಒಂದೂವರೆ ಪಟ್ಟು ಅಳತೆಯಲ್ಲಿ, ಅದೂ ಮೂರು ಗಂಟೆ ತುಂಬುವ ಮೊದಲೇ. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆ, ಸಾಧ್ಯವಾದರೆ ಆರು, ದಿನಕ್ಕೆ ನಾಲ್ಕು ಸಲ ಮೀರಬಾರದು. ಅಂದಿನ ಒಟ್ಟು ಪ್ರಮಾಣ ದಿನದ ಮಿತಿಯೊಳಗೇ ಇದ್ದುದರಿಂದ ಮಗುವಿಗೆ ತೊಂದರೆಯಾಗಲಿಲ್ಲ. ಇದೇ ಎಡವಟ್ಟು ಎರಡು ಮೂರು ದಿನ ಮುಂದುವರಿದರೆ ಹೊಡೆತ ಯಕೃತ್ತಿಗೆ.

ಇಬ್ಬರಿಗೂ ತಿಳಿಯಬೇಕಾಗಿದ್ದ ಇನ್ನೊಂದು ಸಂಗತಿ: ಪ್ಯಾರಾಸಿಟಮಾಲ್ ಜ್ವರದ ಸಂಕಟ ಕಡಿಮೆ ಮಾಡುತ್ತದೆ, ಫಿಟ್ಸ್ ತಡೆಯುವುದಿಲ್ಲ. ಸಿರಪ್ ಹಾಕಿ ಬಿಟ್ಟುಬಂದದ್ದಕ್ಕೆ ಫಿಟ್ಸ್ ಬಂತು ಎಂಬ ತಾಯಿಯ ಲೆಕ್ಕವೂ, ಇನ್ನೂ ಬೇಗ ಹಾಕಿದ್ದರೆ ತಪ್ಪುತ್ತಿತ್ತು ಎಂಬ ಅಕ್ಕೋರ ಲೆಕ್ಕವೂ ಸುಳ್ಳು. ನಿಜವಾದ ತಪ್ಪು ಇದ್ದದ್ದು ಮುಚ್ಚಿಟ್ಟ ಮಾತಿನಲ್ಲಿ ಮತ್ತು ಕೇಳದೆ ಹಾಕಿದ ಔಷಧದಲ್ಲಿ.

ತಾಯಿ ಹೇಳಿದ್ದನ್ನು ಅಕ್ಕೋರಿಗೆ ತಿಳಿಸಿಬಿಟ್ಟಿದ್ದರೆ ಅಕ್ಕೋರ ಅರ್ಧ ಭಾರ ಅಂದೇ ಇಳಿಯುತ್ತಿತ್ತು. ಹಾಗೆ ಮಾಡಲಿಲ್ಲ. ಮಗುವಿಗೆ ಮುಂದೆ ಅಪಾಯವಿದ್ದರೆ ಗೋಪ್ಯ ಮುರಿಯುವುದು ಅನಿವಾರ್ಯ. ಇಲ್ಲಿ ತಾಯಿಗೆ ಅಳತೆ ತಿಳಿಸಿ, ಚೀಲದ ಬಾಟಲಿ ತೆಗೆಸಿದ ಮೇಲೆ ಆ ಅಪಾಯ ಉಳಿದಿರಲಿಲ್ಲ. ಹೇಳಬೇಕಾದವರು ಅವರೇ. ಏನು ಹೇಳಬೇಕೆಂಬುದನ್ನು ಮೂರನೇ ಭೇಟಿಯಲ್ಲಿ ನಾಲ್ಕು ಸಾಲು ಬರೆಸಿದೆವು. ಮೊದಲ ಕರಡಿನಲ್ಲಿ ಕ್ಷಮೆಯ ಮಾತೇ ತುಂಬಿತ್ತು, ಗಂಟೆಯಾಗಲೀ ಔಷಧದ ಹೆಸರಾಗಲೀ ಇರಲಿಲ್ಲ. ತಿದ್ದಿದ ಮೇಲೆ "7.45ಕ್ಕೆ ಸಿರಪ್ ಹಾಕಿದ್ದೆ, ನಿಮಗೆ ಹೇಳಲಿಲ್ಲ" ಎಂಬುದು ಮೊದಲ ಸಾಲಾಯಿತು.

ಮೂವರೂ ಕೂತ ದಿನ ಅಕ್ಕೋರು ಸಿಟ್ಟಾದರು. ಆಗಬೇಕಾದದ್ದೇ. "ಒಂದು ಮಾತು ಹೇಳಿದ್ರೆ ನಾನು ಮತ್ತೊಂದ್ಸಲ ಹಾಕ್ತಿದ್ನಾ? ಐದು ವಾರ ನಾ ನಿದ್ದೆ ಮಾಡ್ಲಿಲ್ಲ." ತಾಯಿ, "ಹೇಳಿದ್ರೆ ಕೂಸಿನ್ನ ವಾಪಸ್ ಕಳಿಸ್ತಿದ್ರಲ್ಲ ಅಕ್ಕೋರೇ" ಎಂದರು. ಅದಕ್ಕೆ ಉತ್ತರ ಬರಲಿಲ್ಲ, ಏಕೆಂದರೆ ಕಳಿಸುತ್ತಿದ್ದರು. ಘಟನೆಯ ನಂತರ ಮಾಲೀಕರು ನಿಯಮವನ್ನು ಬಿಗಿ ಮಾಡಿ, ಜ್ವರದ ಮಗು ತಂದರೆ ಪ್ರವೇಶ ರದ್ದು ಎಂದು ಫಲಕವನ್ನೂ ಹಾಕಿದ್ದರು. ಇಂಥ ಫಲಕ ಜ್ವರ ತಡೆಯುವುದಿಲ್ಲ, ಬೆಳಗಿನ ಸಿರಪ್ ಗುಟ್ಟಾಗುವಂತೆ ಮಾಡುತ್ತದೆ.

ಮಾಲೀಕರಿಗೆ ಕೊಟ್ಟ ಸಲಹೆ: ಫಲಕ ತೆಗೆಯಿರಿ, ಬಾಗಿಲಲ್ಲಿ ಅರ್ಧ ಹಾಳೆಯ ಚೀಟಿ ಇಡಿ. ಕಳೆದ ಹನ್ನೆರಡು ಗಂಟೆಯಲ್ಲಿ ಯಾವ ಔಷಧ, 5 ಎಂ.ಎಲ್.ಗೆ ಎಷ್ಟು ಮಿ.ಗ್ರಾಂ., ಎಷ್ಟು ಎಂ.ಎಲ್., ಎಷ್ಟು ಗಂಟೆಗೆ. ವಾಂತಿ ಭೇದಿ ಆಯಿತೇ. ಇಂದು ಫೋನ್ ಎತ್ತುವವರು ಯಾರು, ಅವರು ಎತ್ತದಿದ್ದರೆ ಯಾರು. ಬರೆದದ್ದಕ್ಕೆ ಬೈಗುಳ, ದಂಡ ಇಲ್ಲ. ಕಂಕುಳಲ್ಲಿ 99.5 ಡಿಗ್ರಿ ದಾಟಿದರೆ ಜ್ವರ ಎಂದೇ ಲೆಕ್ಕ. ಬಾಗಿಲಲ್ಲೇ ಜ್ವರವಿದ್ದರೆ ಮಗು ಅಂದು ಮನೆಯಲ್ಲೇ ಇರಬೇಕು, ಔಷಧವಿಲ್ಲದೆ 24 ಗಂಟೆ ಜ್ವರ ಬಿಟ್ಟ ಮೇಲೆ ಬರಬಹುದು. ಬರೀ ಶೀತ, ಮೂಗು ಸೋರುವುದು ಇದ್ದು ಮಗು ಆಡುತ್ತಿದ್ದರೆ ಬರಲಿ. ನಡುವೆ ಜ್ವರ ಬಂದರೆ ಬೇರೆ ಚಾಪೆ, ತೆಳು ಹತ್ತಿ ಬಟ್ಟೆ, ಆಗಾಗ ನೀರು ಅಥವಾ ಗಂಜಿತಿಳಿ, ಒಂದು ಗಂಟೆಯೊಳಗೆ ಕರೆದೊಯ್ಯುವ ವ್ಯಕ್ತಿ. ಮಳೆಗಾಲದ ಥಂಡಿಗೆ ಹೆದರಿ ಜ್ವರದ ಮಗುವಿಗೆ ಸ್ವೆಟರ್, ಟೋಪಿ ಏರಿಸುವುದು ನಮ್ಮ ಕರಾವಳಿಯಲ್ಲಿ ಮಾಮೂಲು, ಅದನ್ನು ಅಕ್ಕೋರೇ ಬಿಚ್ಚಿಸಬೇಕು.

ಔಷಧ ಹಾಕುವುದಾದರೆ ವೈದ್ಯರ ಚೀಟಿ, ಮಗುವಿನ ಹೆಸರು ಬರೆದ ಮೂಲ ಬಾಟಲಿ, ತಾಯಿ ಅಥವಾ ತಂದೆಯೊಡನೆ ಫೋನಿನಲ್ಲಿ ಮಾತು, ಈ ಮೂರೂ ಇದ್ದರೆ ಮಾತ್ರ. ಚಮಚ, ಮುಚ್ಚಳ ಬೇಡ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಬೇಕು. ಹಾಕಿದವರು ಒಬ್ಬರು, ಅಳತೆ ನೋಡಿ ಸಹಿ ಮಾಡುವವರು ಇನ್ನೊಬ್ಬರು. ಬಾಟಲಿಗಳು ಮಕ್ಕಳ ಚೀಲದಲ್ಲಿ ಉಳಿಯಬಾರದು, ಬಂದ ಕೂಡಲೇ ಎತ್ತರದ ಕಪಾಟಿಗೆ.

ತಾಯಿಯ ರಜೆಯ ಸಮಸ್ಯೆಗೆ ಇದರಲ್ಲಿ ಪರಿಹಾರವಿಲ್ಲ. 50 ಮತ್ತು ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ ಎಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೇಳಿತ್ತು, ಅವರ ಕಚೇರಿಯಲ್ಲಿ ಇರುವವರು ಹನ್ನೆರಡು ಜನ. ಕೊನೆಗೆ ಪಕ್ಕದ ಮನೆಯ ನಿವೃತ್ತ ಶಿಕ್ಷಕಿಯೊಬ್ಬರು ಬದಲಿ ವ್ಯಕ್ತಿಯಾಗಿ ಚೀಟಿಯಲ್ಲಿ ಸೇರಿದರು. ಜ್ವರದ ದಿನ ಅರ್ಧ ದಿನ ತಾಯಿ, ಅರ್ಧ ದಿನ ಅವರು.

ಫಿಟ್ಸ್ ಕಂಡಿದ್ದ ನಾಲ್ಕು ವರ್ಷದ ಹುಡುಗನೊಬ್ಬ ದಿನವೂ ನೆಲಕ್ಕೆ ಬಿದ್ದು ಅದುರುವ ಆಟ ಆಡುತ್ತಿದ್ದ, ಗದರಬೇಡಿ ಎಂದೆವು. "ಅವಳಿಗೆ ಜ್ವರ ಬಂದು ಮೈ ಅದುರಿತು, ಈಗ ಗುಣವಾಯಿತು" ಎಂದು ಹೇಳಿ, ಗೊಂಬೆಯನ್ನು ಮಗ್ಗುಲಿಗೆ ಮಲಗಿಸುವ ಕೆಲಸ ಅವನಿಗೇ ಕೊಟ್ಟ ಮೇಲೆ ಆಟ ಬದಲಾಯಿತು.

ಎಂಟನೇ ಭೇಟಿಗೆ ಅಕ್ಕೋರು ಕೆಲಸದಲ್ಲೇ ಇದ್ದರು. ಮಲಗುವ ಹೊತ್ತಿನಲ್ಲಿ ಒಂದು ಸುತ್ತು ಹೆಚ್ಚಿಗೆ ನೋಡುವುದು ಉಳಿದಿದೆ, ಅದನ್ನು ಹಾಗೇ ಬಿಟ್ಟಿದೆ. ತಾಯಿಯೊಡನೆ ಮಾತು ಚೀಟಿಯಷ್ಟಕ್ಕೇ. ಆ ಮಗು ಈಗ 12.5 ಕೆ.ಜಿ. ತೂಗುತ್ತದೆ, ಕಪಾಟಿನ ಒಳಗೆ ಅಂಟಿಸಿದ ಅಳತೆ ಕಾರ್ಡಿನಲ್ಲಿ ಮಾತ್ರ ಇನ್ನೂ 11 ಎಂದೇ ಇದೆ. ವೈದ್ಯರಿಂದ ಹೊಸ ಅಳತೆ ಬರೆಸಿಕೊಂಡು ಕಾರ್ಡು ಬದಲಿಸಿ, ಮುಂದೆ ಮೂರು ತಿಂಗಳಿಗೊಮ್ಮೆ ಎಲ್ಲ ಮಕ್ಕಳ ತೂಕ ನೋಡಿ ಎಂದು ಬರೆದುಕೊಟ್ಟಿದೆ.